ಮುಳ್ಳು ಸುಳ್ಳು ಹೇಳಬಾರದು ಅಂದ್ರೆ: ಕಾರಿಗೆ ಹೊಸ ಮೀಟರ್ ಕೂರಿಸುವ ಮುನ್ನ

ಕಾರಿನ ಟೆಂಪರೇಚರ್ ಮುಳ್ಳು ನಟ್ಟನಡುವೆ ನಿಂತಿದ್ದರೆ ನಮಗೆ ನೆಮ್ಮದಿ. ಏಪ್ರಿಲ್ ಮಧ್ಯಾಹ್ನ, ಸಿಲ್ಕ್ ಬೋರ್ಡ್ ಜಾಮ್, ಎ.ಸಿ. ಓಡುತ್ತಿದೆ. ಆದರೂ ಮುಳ್ಳು ಕದಲುವುದಿಲ್ಲ. ಎಂಥಾ ಗಟ್ಟಿ ಎಂಜಿನ್ ಅಂತ ಬೀಗುತ್ತೇವೆ. ನಿಜ ಹೇಳಬೇಕೆಂದರೆ ಅದು ನಿಂತಿರುವುದಲ್ಲ, ನಿಲ್ಲಿಸಿರುವುದು. ಈಚಿನ ಬಹಳಷ್ಟು ಕಾರುಗಳಲ್ಲಿ ಕೂಲೆಂಟ್, ಅಂದರೆ ಎಂಜಿನ್ ತಂಪಿಡುವ ದ್ರವ, ಹೆಚ್ಚುಕಡಿಮೆ 75 ಡಿಗ್ರಿಯಿಂದ 105 ಡಿಗ್ರಿವರೆಗೆ ಎಲ್ಲೇ ಇದ್ದರೂ ಮುಳ್ಳು ಅದೇ ಜಾಗದಲ್ಲಿ ಇರುವಂತೆ ತಯಾರಕರೇ ಮಾಡಿರುತ್ತಾರೆ. ಚೂರು ಅಲ್ಲಾಡಿದರೂ ಗಾಬರಿಯಾಗಿ ಸರ್ವಿಸ್ ಸೆಂಟರ್‌ಗೆ ಓಡುವವರು ನಾವೇ ತಾನೇ? ಹಾಗಾಗಿ ಅವರನ್ನು ಬೈಯುವಂತಿಲ್ಲ. ಆದರೆ ಆ ಮುಳ್ಳು ಮೇಲೇಳುವ ಹೊತ್ತಿಗೆ ಎಂಜಿನ್ ಬಿಸಿ ನಿಜವಾಗಿಯೂ ಕೈಮೀರುತ್ತಿರುತ್ತದೆ. ಎಷ್ಟೋ ಸಣ್ಣ ಕಾರುಗಳಲ್ಲಿ ಈಗ ಮುಳ್ಳೂ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಬಿಸಿಯಾದರೆ ಕೆಂಪು ದೀಪ, ಅಷ್ಟೇ.

ಆಯಿಲ್ ಪ್ರೆಶರ್ ಪಾಡು ಇನ್ನೂ ಕಷ್ಟ. ಹೆಚ್ಚಿನ ಕಾರುಗಳಲ್ಲಿ ಅದಕ್ಕೆ ಇರುವುದು ಒಂದು ಸ್ವಿಚ್, ಒಂದು ಕೆಂಪು ದೀಪ. ಪ್ರೆಶರ್ ಅರ್ಧ ಬಾರ್‌ಗಿಂತ (ಬಾರ್ ಅಂದರೆ ಒತ್ತಡದ ಅಳತೆ) ಕೆಳಗೆ ಬಿದ್ದರೆ ಮಾತ್ರ ದೀಪ ಹತ್ತುತ್ತದೆ. ಬಿಸಿ ಎಂಜಿನ್‌ಗೆ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್ ಇರಬೇಕು ಎಂಬುದು ಮೆಕ್ಯಾನಿಕ್‌ಗಳ ಹಳೇ ಲೆಕ್ಕ. 4000 ಆರ್‌ಪಿಎಂನಲ್ಲಿ ಹತ್ತಿರಹತ್ತಿರ 3 ಬಾರ್ ಬೇಕಾದಾಗ ಬರೀ 1 ಬಾರ್ ಇದ್ದರೂ ದೀಪ ಸುಮ್ಮನಿರುತ್ತದೆ. ಅದು ಹತ್ತುವ ಹೊತ್ತಿಗೆ ಬೇರಿಂಗ್‌ಗಳ ತಿಥಿ ಕಾರ್ಡ್ ಅಚ್ಚಾಗಿರುತ್ತದೆ.

ಹಾಗಾಗಿ ಕೆಲವರು ಬೇರೆ ಮೀಟರ್ ಹಾಕಿಸುತ್ತಾರೆ. ನಾನೂ ಹಾಕಿದೆ, ನನ್ನ ಹಳೇ ಮಾರುತಿ ಎಸ್ಟೀಮ್‌ಗೆ. ಜೆ.ಸಿ. ರೋಡಿನಲ್ಲಿ ಮೂರು ಮೀಟರ್ ಕೊಂಡು, ಒಂದು ಭಾನುವಾರದ ಕೆಲಸ ಅಂದುಕೊಂಡು ಕೂತೆ. ಮುಗಿಯುವಷ್ಟರಲ್ಲಿ ಎರಡು ದೀಪಾವಳಿ ಕಳೆದಿದ್ದವು. ಡ್ಯಾಶ್ ಮೇಲೆ ಕಾಣುವ ಆ ದುಂಡನೆಯ ಡಬ್ಬಿ ಎಲ್ಲಕ್ಕಿಂತ ಸುಲಭದ ಭಾಗ ಅಂತ ಆಮೇಲೆ ಗೊತ್ತಾಯಿತು. ಮುಳ್ಳು ಹೇಳುವುದು ನಿಜವೋ ಸುಳ್ಳೋ ಅನ್ನುವುದು ತೀರ್ಮಾನವಾಗುವುದು ಬಾನೆಟ್ ಕೆಳಗೆ. ಸೆನ್ಸರ್ ಎಲ್ಲಿ ಕೂತಿದೆ, ಅರ್ಥ್ ವೈರ್ (ಕರೆಂಟ್ ಬ್ಯಾಟರಿಗೆ ಮರಳುವ ದಾರಿ) ಎಲ್ಲಿಗೆ ಹೋಗಿದೆ, ಅದೇ ಮುಖ್ಯ.

ಮೊದಲು ಯಾವ ಮೀಟರ್ ಬೇಕು ಅಂತ ನೋಡೋಣ. ಹಳೇ ಪೆಟ್ರೋಲ್ ಕಾರಿಗೆ ಆಯಿಲ್ ಪ್ರೆಶರ್, ಕೂಲೆಂಟ್ ಟೆಂಪರೇಚರ್, ವೋಲ್ಟ್ ಮೀಟರ್ ಸಾಕು. ವೋಲ್ಟ್ ಮೀಟರ್ ಅಗ್ಗ, ಎರಡೇ ವೈರ್, ಆದರೆ ಬಹಳ ಉಪಯೋಗಿ. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕ್ಷೇಮ. ಹೊಸ ಕಾರುಗಳಲ್ಲಿ ಆಲ್ಟರ್ನೇಟರನ್ನು ಕಂಪ್ಯೂಟರ್ ನಡೆಸುವುದರಿಂದ ಅಂಕಿ ಆಗಾಗ ಕೆಳಗಿಳಿಯುತ್ತದೆ. ಅದಕ್ಕೆ ಗಾಬರಿ ಬೇಡ.

ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇದ್ದರೆ, ಆ ಒತ್ತಡ ತೋರಿಸುವ ಬೂಸ್ಟ್ ಮೀಟರ್ ಆಸೆ ಎಲ್ಲರಿಗೂ ಇರುತ್ತದೆ. ಇಲ್ಲಿ ಬೆಂಗಳೂರಿನವರು ತಿಳಿದಿರಬೇಕಾದ ಒಂದು ಸಂಗತಿ ಇದೆ. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ 91 ಕಿಲೋಪ್ಯಾಸ್ಕಲ್ ಆಸುಪಾಸು. ಮಂಗಳೂರಿನಲ್ಲಿ ಅದು 101. ಮಾಮೂಲಿ ಬೂಸ್ಟ್ ಮೀಟರ್ ತನ್ನ ಸುತ್ತಲಿನ ಗಾಳಿಯನ್ನೇ ಸೊನ್ನೆ ಅಂತ ಹಿಡಿಯುತ್ತದೆ, ಹಾಗಾಗಿ ಅದಕ್ಕೆ ತೊಂದರೆ ಇಲ್ಲ. ಆದರೆ ಕೆಲವು ಮೊಬೈಲ್ ಆಪ್‌ಗಳು ಕಾರಿನ ಪ್ರೆಶರ್ ಸೆನ್ಸರ್‌ನ ಅಂಕಿಯಿಂದ ಕಣ್ಣುಮುಚ್ಚಿ 101 ಕಳೆಯುತ್ತವೆ. ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ ನೋಡಿ. ಸೊನ್ನೆ ತೋರಿಸಬೇಕಾದ ಕಡೆ ಮೈನಸ್ 0.1 ಬಾರ್ ತೋರಿಸಿದರೆ ಅದು ಈ ಲೆಕ್ಕದ ತಪ್ಪು, ಸೆನ್ಸರ್ ಸರಿಯಾಗಿಯೇ ಇದೆ. ಎಂಜಿನ್ ಗಾಳಿ ಹೀರುವ ಬಲ ತೋರಿಸುವ ವ್ಯಾಕ್ಯೂಮ್ ಮೀಟರ್ ಕಥೆಯೂ ಇಂಥದ್ದೇ. ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಸುಮ್ಮನೆ ಓಡುವಾಗ) 17ರಿಂದ 22 ಇಂಚು ಪಾದರಸ ಇರಬೇಕು ಅಂತ ಬರೆದಿರುತ್ತಾರೆ. ಅದು ಸಮುದ್ರ ದಡದ ಅಂಕಿ. ಪ್ರತಿ 1000 ಅಡಿಗೆ ಒಂದಿಂಚು ಕಳೆಯಿರಿ, ನಮಗೆ ಮೂರು ಇಂಚು ಕಮ್ಮಿ. ಇದು ಗೊತ್ತಿಲ್ಲದೆ ಒಳ್ಳೇ ಎಂಜಿನ್ನನ್ನು ಬಿಚ್ಚಿಸುವುದು ಬೇಡ.

ಆಪ್ ಅಂದೆನಲ್ಲ, ಅದರ ಬಗ್ಗೆಯೂ ಒಂದು ಮಾತು. ಸ್ಟೀರಿಂಗ್ ಕೆಳಗೆ ಕಾರಿನ ಕಂಪ್ಯೂಟರ್‌ನಿಂದ ಮಾಹಿತಿ ಪಡೆಯುವ 16 ಪಿನ್ನಿನ ಒಬಿಡಿ ಸಾಕೆಟ್ ಇದ್ದರೆ, ಒಂದು ಅಗ್ಗದ ಡಾಂಗಲ್ ಸಿಕ್ಕಿಸಿ ಕೂಲೆಂಟ್ ಟೆಂಪರೇಚರ್, ವೋಲ್ಟೇಜ್, ಬೂಸ್ಟ್ ಎಲ್ಲಾ ನೋಡಬಹುದು. ಡ್ರಿಲ್ ಬೇಡ, ವೈರ್ ಕತ್ತರಿಸುವುದು ಬೇಡ, ವಾರಂಟಿ ಜಗಳ ಬೇಡ. ಹೊಸ ಕಾರಿನವರಿಗೆ ನಾನು ಹೇಳುವುದು ಇದನ್ನೇ. ಆದರೆ ಆಯಿಲ್ ಪ್ರೆಶರ್ ಅದರಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಕಾರಿನಲ್ಲೇ ಬರೀ ಸ್ವಿಚ್ ಇರುವಾಗ ಕಂಪ್ಯೂಟರ್ ಅಂಕಿ ಎಲ್ಲಿಂದ ತಂದುಕೊಡುತ್ತದೆ, ಹೇಳಿ. ಅದಕ್ಕೆ ಸೆನ್ಸರ್ ಹಾಕಲೇಬೇಕು.

ಸೆನ್ಸರ್ ಹಾಕುವುದಕ್ಕೆ ಎರಡು ದಾರಿ. ಒಂದು, ಕಂಪನಿ ಸ್ವಿಚ್ ಬಿಚ್ಚಿ ಆ ಜಾಗದಲ್ಲಿ ಹಿತ್ತಾಳೆಯ ಟೀ (ಇಂಗ್ಲಿಷಿನ T ಆಕಾರದ ಕವಲು ತುಂಡು) ಹಾಕಿ, ಒಂದು ಕಡೆ ಹಳೇ ಸ್ವಿಚ್, ಇನ್ನೊಂದು ಕಡೆ ಹೊಸ ಸೆನ್ಸರ್. ಎರಡನೆಯದು ಸ್ಯಾಂಡ್‌ವಿಚ್ ಪ್ಲೇಟ್. ಆಯಿಲ್ ಫಿಲ್ಟರ್‌ಗೂ ಎಂಜಿನ್‌ಗೂ ನಡುವೆ ಕೂರುವ ಅಲ್ಯೂಮಿನಿಯಂ ಬಿಲ್ಲೆ, ಪಕ್ಕದಲ್ಲಿ ಸೆನ್ಸರ್‌ಗೆ ತೂತು. ನೋಡಲು ಅಚ್ಚುಕಟ್ಟು. ಆದರೆ ಫಿಲ್ಟರ್ ಆ ದಪ್ಪದಷ್ಟು ಕೆಳಗಿಳಿಯುತ್ತದೆ. ನಮ್ಮ ಬಡಾವಣೆಗಳಲ್ಲಿ ಹೇಳದೆ ಕೇಳದೆ ಎದ್ದು ನಿಂತಿರುವ ಹಂಪ್‌ಗಳನ್ನು ನೆನೆಸಿಕೊಂಡು ಅಳತೆ ಮಾಡಿ.

ಟೀ ಹಾಕುವವರು ಎಡವುವುದು ಮರೆಯಲ್ಲಿ, ಅಂದರೆ ಥ್ರೆಡ್ಡಿನಲ್ಲಿ. ಮಾರುಕಟ್ಟೆಯಲ್ಲಿ ಸಿಗುವ ಸೆನ್ಸರ್‌ಗಳು ಹೆಚ್ಚಾಗಿ 1/8 ಎನ್‌ಪಿಟಿ, ಅಮೆರಿಕದ ಅಳತೆ. ಜಪಾನ್ ವಂಶದ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 1/8 ಬಿಎಸ್‌ಪಿ, ಬ್ರಿಟನ್ನಿನ ಅಳತೆ. ಒಂದಕ್ಕೆ ಇಂಚಿಗೆ 27 ಮರೆ, ಇನ್ನೊಂದಕ್ಕೆ 28. ಕಣ್ಣಿಗೆ ಎರಡೂ ಒಂದೇ. ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತವೆ, ಆಮೇಲೆ ಬಿಗಿಯುತ್ತದೆ. ಆಗ ‘ಟೈಟ್ ಆಯ್ತು ಸಾರ್’ ಅಂತಾರೆ. ನನ್ನ ಕಾರಿಗೂ ಒಬ್ಬರು ಹಾಗೇ ಟೈಟ್ ಮಾಡಿಕೊಟ್ಟರು. ಮೂರನೇ ದಿನ ಪಾರ್ಕಿಂಗ್‌ನಲ್ಲಿ ಎಂಟಾಣೆ ಅಗಲದ ಕಲೆ. ವಾರದಲ್ಲಿ ಅದು ದೋಸೆಯಷ್ಟಾಯಿತು, ಅಪಾರ್ಟ್‌ಮೆಂಟ್ ಸಂಘದವರು ಫೋಟೋ ಸಮೇತ ದೂರು ಕಳಿಸಿದರು. ನನ್ನ ಪುಣ್ಯಕ್ಕೆ ಎಂಜಿನ್ ಕಡೆಯ ಮರೆ ಉಳಿದಿತ್ತು. ಕೊನೆಗೆ ಪೀಣ್ಯದಲ್ಲಿ ಲೇತ್ ಇಟ್ಟಿರುವ ಪರಿಚಯದವರೊಬ್ಬರು ಒಂದು ಕಡೆ ಬಿಎಸ್‌ಪಿ, ಇನ್ನೊಂದು ಕಡೆ ಎನ್‌ಪಿಟಿ ಇರುವ ಪುಟ್ಟ ಹಿತ್ತಾಳೆ ತುಂಡು ಕಡೆದುಕೊಟ್ಟರು. ಚಾ ಕುಡಿಯುವಷ್ಟು ಹೊತ್ತಿನ ಕೆಲಸ.

ಇನ್ನೊಂದು, ಸೆನ್ಸರ್ ಭಾರ. ಹೆಬ್ಬೆರಳಿಗಿಂತ ದಪ್ಪನೆಯ ಆ ಗುಂಡನ್ನು ಉದ್ದನೆಯ ಟೀಗೆ ನೇತುಹಾಕಿದರೆ, ಎಂಜಿನ್ ನಡುಕಕ್ಕೆ ಹಿತ್ತಾಳೆ ಬಿರುಕು ಬಿಡುತ್ತದೆ. ಬ್ರೇಕ್ ಹೋಸ್‌ನಂಥ ಗಟ್ಟಿ ಹೋಸ್ ಹಾಕಿ ಸೆನ್ಸರನ್ನು ಕಾರಿನ ಮೈಗೆ ಬಿಗಿಯುವುದು ಮೇಲು. ಹಳೇ ಕಾಲದ ಮೆಕ್ಯಾನಿಕಲ್ ಮೀಟರ್‌ನಲ್ಲಿ ಆಯಿಲ್ಲೇ ಸಣ್ಣ ಕೊಳವೆಯಲ್ಲಿ ಡ್ಯಾಶ್‌ವರೆಗೆ ಬರುತ್ತದೆ. ಅದು ಬೇಡ. ಕೊಳವೆ ಒಡೆದರೆ ಸುಡುವ ಎಣ್ಣೆ ತೊಡೆ ಮೇಲೆ.

ಕೂಲೆಂಟ್‌ಗೆ ಇರುವ ಸುಲಭದ ದಾರಿ ರೇಡಿಯೇಟರ್‌ನ ಮೇಲಿನ ಹೋಸ್ ಕತ್ತರಿಸಿ, ನಡುವೆ ಲೋಹದ ಅಡಾಪ್ಟರ್ ಹಾಕಿ, ಅದಕ್ಕೆ ಸೆನ್ಸರ್ ತಿರುಗಿಸುವುದು. ಹೋಸ್‌ನ ಒಳ ಅಳತೆ ಮೊದಲೇ ನೋಡಿಕೊಂಡು ಹೋಗಿ. ಆ ಅಡಾಪ್ಟರ್‌ನ ಎರಡೂ ಕಡೆ ಇರುವುದು ರಬ್ಬರ್ ಎಂಬುದನ್ನು ಮಾತ್ರ ಮರೆಯಬೇಡಿ. ಯಾಕೆ ಅಂತ ಹೇಳುತ್ತೇನೆ.

ಹೆಚ್ಚಿನ ಅಗ್ಗದ ಸೆನ್ಸರ್‌ಗಳಿಗೆ ಒಂದೇ ವೈರ್. ಕರೆಂಟ್ ಮೀಟರ್‌ನಿಂದ ಹೊರಟು ಸೆನ್ಸರ್ ಒಳಗೆ ಹೋಗಿ, ಅದರ ಮೈಯಿಂದ ಎಂಜಿನ್ನಿಗೆ ದಾಟಿ, ಬ್ಯಾಟರಿಯ ನೆಗೆಟಿವ್‌ಗೆ ಮರಳಬೇಕು. ಸೆನ್ಸರ್ ಮೈಯೇ ಅದರ ಎರಡನೇ ವೈರ್. ರಬ್ಬರ್ ಹೋಸ್ ನಡುವೆ ಕೂತ ಅಡಾಪ್ಟರ್‌ಗೆ ಬೇರೆ ಅರ್ಥ್ ವೈರ್ ಕೊಡದಿದ್ದರೆ ದಾರಿ ಬಂದ್. ಹೋಸ್ ತುದಿಯಲ್ಲಿ ಕೂತ ಪ್ರೆಶರ್ ಸೆನ್ಸರ್‌ಗೂ ಅದೇ ಗತಿ. ಟೀಯ ಮರೆಗೆ ಪ್ಲಂಬರ್ ಸುತ್ತುವ ಹಾಗೆ ಬಿಳಿ ಟೇಪ್ ನಾಲ್ಕಾರು ಸುತ್ತು ಸುತ್ತಿದರೂ ಲೋಹಕ್ಕೆ ಲೋಹ ಸರಿಯಾಗಿ ತಾಗುವುದಿಲ್ಲ.

ತಾಗದಿದ್ದರೆ ಏನಾಗುತ್ತದೆ? ಯುರೋಪಿನ ಮಾದರಿಯ ಪ್ರೆಶರ್ ಸೆನ್ಸರ್‌ನಲ್ಲಿ ಸೊನ್ನೆ ಪ್ರೆಶರ್‌ಗೆ 10 ಓಮ್ (ಕರೆಂಟಿಗೆ ಇರುವ ತಡೆಯ ಅಳತೆ), 5 ಬಾರ್‌ಗೆ ಸುಮಾರು 180 ಓಮ್. ಸರಾಸರಿ ತೆಗೆದರೆ 1 ಬಾರ್‌ಗೆ 34 ಓಮ್. ಅರ್ಥ್ ಜಾಗದಲ್ಲಿ ತುಕ್ಕು ಹಿಡಿದು 5 ಓಮ್ ಸೇರಿಕೊಂಡಿತು ಅನ್ನಿ. ಮೀಟರ್ 0.15 ಬಾರ್ ಜಾಸ್ತಿ ತೋರಿಸುತ್ತದೆ. 20 ಓಮ್ ಸೇರಿದರೆ ಅರ್ಧ ಬಾರ್‌ಗಿಂತ ಜಾಸ್ತಿ. ಟೆಂಪರೇಚರ್ ಸೆನ್ಸರ್ ಇದಕ್ಕೆ ಉಲ್ಟಾ. ಬಿಸಿ ಏರಿದಂತೆ ಅದರ ಓಮ್ ಇಳಿಯುತ್ತದೆ. ಅಂದರೆ ಕೆಟ್ಟ ಅರ್ಥ್ ಅದನ್ನು ಇರುವುದಕ್ಕಿಂತ ತಣ್ಣಗೆ ತೋರಿಸುತ್ತದೆ. ಪ್ರೆಶರ್ ಜಾಸ್ತಿ, ಬಿಸಿ ಕಮ್ಮಿ. ಎರಡು ಸುಳ್ಳೂ ನಮಗೆ ಇಷ್ಟವಾಗುವ ಕಡೆಗೇ! ಹೀಗಾಗಿಯೇ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಅಮೆರಿಕದ ಹಳೇ ಮಾದರಿಗಳಲ್ಲಿ ಪ್ರೆಶರ್ ಸೆನ್ಸರ್ 240 ಓಮ್‌ನಿಂದ 33ಕ್ಕೆ ಇಳಿಯುತ್ತದೆ. ಹಾಗಾಗಿ ಒಂದು ಕಂಪನಿಯ ಮೀಟರ್‌ಗೆ ಇನ್ನೊಂದು ಕಂಪನಿಯ ಸೆನ್ಸರ್ ಹೊಂದಿಸುವ ಸಾಹಸ ಬೇಡ. ಜೋಡಿಯಾಗಿಯೇ ಕೊಳ್ಳಿ.

ನನ್ನ ಮೀಟರ್ ಸುಳ್ಳು ಸಿಕ್ಕಿಬಿದ್ದದ್ದು ಟೌನ್‌ಹಾಲ್ ಸಿಗ್ನಲ್‌ನಲ್ಲಿ. ಬಲಕ್ಕೆ ತಿರುಗಲು ಇಂಡಿಕೇಟರ್ ಹಾಕಿದ್ದೆ. ಟಿಕ್ ಅಂದಾಗ ಆಯಿಲ್ ಪ್ರೆಶರ್ ಮುಳ್ಳು ಒಂದು ಗೆರೆ ಜಿಗಿಯಿತು. ಟಕ್ ಅಂದಾಗ ವಾಪಸ್ ಬಂತು. ಟಿಕ್, ಜಿಗಿತ. ಟಕ್, ವಾಪಸ್. ಸಿಗ್ನಲ್ ಬಿಡುವವರೆಗೂ ಅದನ್ನೇ ನೋಡುತ್ತಾ ಕೂತಿದ್ದೆ. ಆಯಿಲ್ ಪಂಪ್‌ಗೂ ಇಂಡಿಕೇಟರ್‌ಗೂ ಏನು ನೆಂಟಸ್ತನ? ಮನೆಗೆ ಬಂದು ಡ್ಯಾಶ್ ಬಿಚ್ಚಿದರೆ ಮೀಟರ್‌ನ ಕಪ್ಪು ವೈರ್ ಸ್ಟೀರಿಯೋ ಹಿಂದಿನ ಪೇಂಟ್ ಮೆತ್ತಿದ ಸ್ಕ್ರೂಗೆ ಸುತ್ತಿಕೊಂಡಿತ್ತು. ಇಂಡಿಕೇಟರ್ ವೈರಿಂಗ್‌ನ ಅರ್ಥ್ ಕೂಡ ಅಲ್ಲಿಗೇ ಬಂದಿತ್ತು. ಬಲ್ಬ್ ಹತ್ತಿದಾಗಲೆಲ್ಲ ಆ ಸ್ಕ್ರೂ ಹತ್ತಿರ ವೋಲ್ಟೇಜ್ ಚೂರು ಏರುತ್ತಿತ್ತು, ಮುಳ್ಳೂ ಜೊತೆಗೆ ಕುಣಿಯುತ್ತಿತ್ತು. ಪೇಂಟ್ ಕೆರೆದು, ಹೊಳೆಯುವ ಲೋಹಕ್ಕೆ ಬೇರೆ ಬೋಲ್ಟ್ ಹಾಕಿ, ಅಲ್ಲಿಂದ ಎಂಜಿನ್ ಬ್ಲಾಕ್‌ಗೆ ಒಂದು ದಪ್ಪ ವೈರ್ ಎಳೆದೆ. ಕುಣಿತ ನಿಂತಿತು. ಐಡಲ್‌ನಲ್ಲಿ ತೋರಿಸುತ್ತಿದ್ದ ಪ್ರೆಶರ್ ಕೂಡ ಸ್ವಲ್ಪ ಇಳಿಯಿತು. ಅಷ್ಟು ದಿನ ನಾನು ಖುಷಿಪಟ್ಟಿದ್ದೆಲ್ಲ ಸ್ಕ್ರೂ ಮೇಲಿನ ಪೇಂಟಿನ ಪ್ರಭಾವ.

ಉಳಿದ ವೈರಿಂಗ್ ಸಲೀಸು. ಕೆಂಪು ವೈರ್ ಇಗ್ನಿಷನ್ ಆನ್ ಆದಾಗ ಕರೆಂಟ್ ಬರುವ ಫ್ಯೂಸ್‌ಗೆ. ಸ್ಟೀರಿಯೋಗೆ ಬರುವ ಆಕ್ಸೆಸರಿ ಲೈನ್ ಬೇಡ, ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ ಅದು ಕಡಿದುಹೋಗುತ್ತದೆ, ಡಿಜಿಟಲ್ ಮೀಟರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಫ್ಯೂಸ್ ಬಾಕ್ಸ್‌ಗೆ ಸಿಕ್ಕಿಸುವ ಟ್ಯಾಪ್ ಎಸ್.ಪಿ. ರೋಡಿನಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ, 3 ಆಂಪ್ ಫ್ಯೂಸ್ ಧಾರಾಳ ಸಾಕು. ಲೈಟ್ ವೈರ್ ಪಾರ್ಕಿಂಗ್ ಲೈಟ್‌ಗೆ ಸೇರಿಸಿ, ಇಲ್ಲದಿದ್ದರೆ ರಾತ್ರಿ ಕಣ್ಣಿಗೆ ಟಾರ್ಚ್ ಹಿಡಿದ ಹಾಗೆ. ಎಂಜಿನ್ ಕಡೆಯಿಂದ ಒಳಗೆ ಬರಲು ಈಗಾಗಲೇ ಇರುವ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಹಾಕಿದ ಬಳೆ) ಬಳಸಿ. ಬರಿಯ ತಗಡಿನ ತೂತಿನಲ್ಲಿ ವೈರ್ ಎಳೆದರೆ ಅಂಚು ಅದನ್ನು ನಿಧಾನವಾಗಿ ಕುಯ್ಯುತ್ತದೆ. ಮೇಲೆ ಸುಕ್ಕುಸುಕ್ಕಿನ ಪ್ಲಾಸ್ಟಿಕ್ ಸ್ಲೀವ್ ಹಾಕಿ. ಬೇಸ್‌ಮೆಂಟ್ ಇಲಿಗಳ ಬಗ್ಗೆ ಬೆಂಗಳೂರಿನವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಹಳದಿ ಸ್ಲೀವ್ ಅಥವಾ ಹಳದಿ ಕನೆಕ್ಟರ್ ಕಂಡರೆ ಮಾತ್ರ ಕೈ ಹಿಂದಕ್ಕೆ ತೆಗೆಯಿರಿ. ಅದು ಸಾಮಾನ್ಯವಾಗಿ ಏರ್‌ಬ್ಯಾಗ್ ಲೈನ್.

ಏರ್‌ಬ್ಯಾಗ್ ಮಾತು ಬಂದದ್ದರಿಂದ ಮೀಟರ್ ಕೂರಿಸುವ ಜಾಗಕ್ಕೆ ಬರೋಣ. ಚಿತ್ರಗಳಲ್ಲಿ ಚೆಂದ ಕಾಣುವುದು ಗಾಜಿನ ಪಕ್ಕದ ಕಂಬಕ್ಕೆ, ಅಂದರೆ ಎ-ಪಿಲ್ಲರ್‌ಗೆ ಅಂಟಿದ ಪಾಡ್, ಮೀಟರ್ ಕೂರಿಸುವ ಗೂಡು. ನಮ್ಮ ದೇಶದಲ್ಲಿ 2019ರ ಜುಲೈನಿಂದ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯ. ಪಕ್ಕದ ಸೀಟಿಗೂ ಹೊಸ ಮಾಡೆಲ್‌ಗಳಲ್ಲಿ 2021ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದು ಬಾಗಿಲ ಮೇಲಿನಿಂದ ಆ ಕಂಬದವರೆಗೂ ಮಡಚಿ ಕೂತಿರುತ್ತದೆ. ಅದು ಬಿಚ್ಚಿಕೊಳ್ಳಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಅದರ ದಾರಿಯಲ್ಲಿ ನಿಮ್ಮ ಮೀಟರ್ ಇದ್ದರೆ ಅದು ಹಾರಿ ಬರುವುದು ಮುಖದ ಕಡೆಗೇ. ಕಂಬದ ಮೇಲೆ ಏರ್‌ಬ್ಯಾಗ್ ಅಂತ ಅಚ್ಚು ಇದ್ದರೆ ಅಲ್ಲಿ ಪಾಡ್ ಬೇಡ. ಪಕ್ಕದ ಸೀಟಿನ ಎದುರು ಡ್ಯಾಶ್ ಮೇಲೂ ಬೇಡ. ಏರ್‌ಬ್ಯಾಗ್ ಇಲ್ಲದ ಹಳೇ ಕಾರಾದರೆ ಸರಿ. ಆದರೆ ಆನ್‌ಲೈನ್‌ನಲ್ಲಿ ಸಿಗುವ ರೆಡಿಮೇಡ್ ಪಾಡ್‌ಗಳು ಬಹುಪಾಲು ಎಡಗಡೆ ಸ್ಟೀರಿಂಗ್ ದೇಶಗಳಿಗಾಗಿ ಮಾಡಿದ್ದು. ಬಲಗಡೆ ಕಂಬಕ್ಕೆ ಅದು ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿದ ಹಾಗೆ.

ನನಗೆ ಇಷ್ಟವಾದ ಜಾಗ ನಡುವಿನ ಎ.ಸಿ. ಕಿಂಡಿಗಳ ಮೇಲೆ, ಡ್ಯಾಶ್ ನೆತ್ತಿ. ರಸ್ತೆಯಿಂದ ಕಣ್ಣು ಜಾಸ್ತಿ ಕೆಳಗಿಳಿಸಬೇಕಿಲ್ಲ. ಸ್ಟೀರಿಯೋ ಕೆಳಗಿನ ಖಾನೆಯಲ್ಲಿ ಹಾಕಿದರೆ ಅಚ್ಚುಕಟ್ಟು, ಆದರೆ ಗೇರ್ ಹತ್ತಿರ ಬಗ್ಗಿ ನೋಡುವ ಮೀಟರನ್ನು ಯಾರೂ ನೋಡುವುದಿಲ್ಲ. ಎ.ಸಿ. ಕಿಂಡಿಯೊಳಗೆ ಕೂರಿಸುವವರೂ ಇದ್ದಾರೆ. ಗಾಳಿ ಕಳೆದುಕೊಂಡು ಮುಳ್ಳು ಪಡೆಯುವ ವ್ಯಾಪಾರ ಅದು.

ಪಾಡ್ ನೀವೇ ಮಾಡಬಹುದು. ಮೀಟರ್‌ಗಳ ಸಾಮಾನ್ಯ ಅಳತೆ 52 ಮಿಲಿಮೀಟರ್, ದೊಡ್ಡವು 60. ಮುಖದ ಅಳತೆ ಎಲ್ಲರೂ ನೋಡುತ್ತಾರೆ, ಆಳ ಮರೆಯುತ್ತಾರೆ. ಹಿಂದಿನ ಕನೆಕ್ಟರ್, ಅದರ ವೈರ್ ಬಾಗುವ ಜಾಗ ಸೇರಿಸಿ ಅಳೆಯಿರಿ. ಮೊದಲು ರಟ್ಟಿನಲ್ಲಿ ಮಾಡಿ, ಟೇಪ್ ಹಚ್ಚಿ, ಒಂದು ವಾರ ಓಡಿಸಿ. ಹೊಸೂರು ರೋಡಿನ ಬೆಳಗಿನ ಬಿಸಿಲು ಗಾಜಿಗೆ ಬಿದ್ದಾಗ ಕಾಣುತ್ತದಾ, ರಾತ್ರಿ ಅದರ ಬಿಂಬ ಮುಂದಿನ ಗಾಜಿನಲ್ಲಿ ಮೂಡುತ್ತದಾ ಎಲ್ಲಾ ತಿಳಿಯುತ್ತದೆ. ನಾನು ರಟ್ಟನ್ನು ಮೂರು ಸಲ ಜಾಗ ಬದಲಿಸಿದೆ.

ಆಮೇಲೆ ತ್ರೀಡಿ ಪ್ರಿಂಟ್ ಮಾಡಿಸಿದೆ. ಪ್ರಿಂಟ್ ಮಾಡುವವರು ಏನೂ ಕೇಳದಿದ್ದರೆ ಪಿಎಲ್‌ಎ ಪ್ಲಾಸ್ಟಿಕ್‌ನಲ್ಲೇ ಕೊಡುತ್ತಾರೆ. ಅದು 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್ ಅದನ್ನು ಸುಲಭವಾಗಿ ದಾಟುತ್ತದೆ. ಮಾರ್ಚ್‌ನ ಒಂದು ಸಂಜೆ ಆಫೀಸಿನಿಂದ ಹೊರಗೆ ಬಂದು ನೋಡಿದರೆ ನನ್ನ ಪಾಡ್ ಅಂಚು ಹಪ್ಪಳದ ಹಾಗೆ ಎದ್ದಿತ್ತು, ಮೂರು ಮೀಟರ್‌ಗಳೂ ತಲೆ ತಗ್ಗಿಸಿ ನೆಲ ನೋಡುತ್ತಿದ್ದವು. ಎಬಿಎಸ್ ಅಥವಾ ಎಎಸ್ಎ ಕೇಳಿ, 100 ಡಿಗ್ರಿ ಆಸುಪಾಸಿನವರೆಗೆ ತಡೆಯುತ್ತವೆ. ಎಎಸ್ಎ ಬಿಸಿಲಿಗೂ ಬೇಗ ಬಣ್ಣ ಬಿಡುವುದಿಲ್ಲ.

ಪ್ರಿಂಟರ್ ಬೇಡ ಅನ್ನುವವರಿಗೆ ಫೈಬರ್‌ಗ್ಲಾಸ್ ಇದೆ. ಪ್ಲಾಸ್ಟಿಕ್ ಪೈಪಿನ ಬಳೆಗಳನ್ನು ಬೇಕಾದ ಕೋನಕ್ಕೆ ಅಂಟಿಸಿ, ಮೇಲೆ ಹಿಗ್ಗುವ ಬಟ್ಟೆ ಎಳೆದು ಕಟ್ಟಿ, ರೆಸಿನ್ ಕುಡಿಸಿ, ಒಣಗಿದ ಮೇಲೆ ಪುಟ್ಟಿ ಹಾಕಿ ತಿಕ್ಕುವುದು. ತಿಕ್ಕುವುದೇ ಮುಕ್ಕಾಲು ಕೆಲಸ. ಒಳಗೆ ಆಕಾರಕ್ಕೆ ಥರ್ಮೋಕೋಲ್ ಇಟ್ಟಿರೋ, ಪಾಲಿಯೆಸ್ಟರ್ ರೆಸಿನ್ ಅದನ್ನು ಸಕ್ಕರೆ ಕರಗಿಸಿದ ಹಾಗೆ ಕರಗಿಸಿಬಿಡುತ್ತದೆ. ಪಿಯು ಫೋಮ್ ಇಡಿ. ಕೊನೆಯ ಬಣ್ಣ ಹೊಳಪಿಲ್ಲದ ಕಪ್ಪು. ಹೊಳಪಿದ್ದರೆ ಮುಂದಿನ ಗಾಜು ಕನ್ನಡಿಯಾಗುತ್ತದೆ.

ಮೀಟರ್ ಕೂರಿಸುವಾಗ ಒಂದು ರೇಸ್‌ನವರ ಉಪಾಯ: ಅಂಕಿಗಳು ನೆಟ್ಟಗಿರಬೇಕು ಅಂತೇನಿಲ್ಲ. ಎಲ್ಲಾ ಸರಿಯಿದ್ದಾಗ ಮೂರೂ ಮುಳ್ಳು ಮೇಲ್ಮುಖವಾಗಿ ನಿಲ್ಲುವಂತೆ ಡಬ್ಬಿಯನ್ನೇ ತಿರುಗಿಸಿ ಬಿಗಿಯಿರಿ. ಆಮೇಲೆ ಓದಬೇಕಾಗಿಯೇ ಇಲ್ಲ. ಒಂದು ಮುಳ್ಳು ವಾಲಿದರೂ ಕಣ್ಣಿನ ಅಂಚಿಗೆ ಚುಚ್ಚುತ್ತದೆ.

ಇಷ್ಟೆಲ್ಲಾ ಆದಮೇಲೆ ಮಾಡಿದ ಒಂದು ಕೆಲಸ ನಾನು ಮೊದಲೇ ಮಾಡಬೇಕಿತ್ತು. ಟೆಂಪರೇಚರ್ ಸೆನ್ಸರನ್ನು ಕಾರಿಗೆ ಹಾಕುವ ಮುನ್ನ ಕುದಿಯುವ ನೀರಿನಲ್ಲಿ ಪರೀಕ್ಷಿಸುವುದು. ಸೆನ್ಸರ್ ಬಿಚ್ಚಿ ತಂದು, ಅದರ ಮೈಗೊಂದು ವೈರ್ ಬಿಗಿದು, ಹಳೇ ಬ್ಯಾಟರಿಗೆ ಮೀಟರ್ ಜೋಡಿಸಿ, ಅಡುಗೆಮನೆಯಲ್ಲಿ ಹಾಲಿನ ಪಾತ್ರೆಯೊಳಗೆ ಇಳಿಬಿಟ್ಟೆ. ನೀರು ಕೊತಕೊತ ಕುದಿಯಿತು. ಮುಳ್ಳು ಏರಿ ಏರಿ 100ರ ಗೆರೆಗೆ ಸ್ವಲ್ಪ ಕೆಳಗೆ ನಿಂತುಬಿಟ್ಟಿತು. ಉರಿ ಜಾಸ್ತಿ ಮಾಡಿದೆ, ಕದಲಲಿಲ್ಲ. ಮತ್ತೆ ಅರ್ಥ್ ಇರಬೇಕು ಅಂತ ಕ್ಲಿಪ್ ಬಿಚ್ಚಿ ಕೆರೆದು ಹಾಕಿದೆ. ಅಷ್ಟೇ. ಸೆನ್ಸರ್ ಕಳಪೆ ಅಂತ ಅಂಗಡಿಗೆ ಹೋಗಲು ಬಿಲ್ ಹುಡುಕುತ್ತಿದ್ದೆ. ಆಗ ನೆನಪಾಯಿತು, 920 ಮೀಟರ್ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದು 97 ಡಿಗ್ರಿ ಹತ್ತಿರ. ಬಿಲ್ ಒಳಗಿಟ್ಟು, ಸೆನ್ಸರ್ ಒರೆಸಿಕೊಂಡು ಕೆಳಗೆ ಹೋದೆ. ಆ ಹಾಲಿನ ಪಾತ್ರೆ ಮಾತ್ರ ಮತ್ತೆ ಅಡುಗೆಮನೆಗೆ ಸೇರಲಿಲ್ಲ. ಈಗ ಅದು ಗ್ಯಾರೇಜಿನಲ್ಲಿ ನಟ್ಟು ಬೋಲ್ಟುಗಳ ಡಬ್ಬಿ.